ರಾತ್ರಿ ಎಂಟರ ಸ್ಲಾಟ್

"ನಿಮಗೆಂತ ಮಾರಾಯ್ರೆ, ಮಧ್ಯಾಹ್ನ ಇಡೀ ಫ್ರೀ!" ಜಿಮ್ ಟ್ರೈನರ್ ಆದವರೆಲ್ಲ ಈ ಮಾತು ಕೇಳಿಯೇ ಇರ್ತಾರೆ. ಹೌದು, ಹನ್ನೊಂದರಿಂದ ನಾಲ್ಕರವರೆಗೆ ನಮ್ಮಲ್ಲಿ ಫ್ಯಾನ್ ತಿರುಗುವ ಸದ್ದು ಬಿಟ್ರೆ ಬೇರೇನಿಲ್ಲ. ಯಾಕಂದ್ರೆ ಆಗ ನೀವೆಲ್ಲ ಆಫೀಸಲ್ಲಿರ್ತೀರಿ. ನೀವು ಕೆಲಸಕ್ಕೆ ಹೋಗುವ ಮೊದಲು ಮತ್ತು ಮುಗಿಸಿ ಬಂದ ಮೇಲೆ ನಮ್ಮ ವ್ಯಾಪಾರ. ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ, ಸಂಜೆ ಐದರಿಂದ ಒಂಬತ್ತು. ಮಾರಲಿಕ್ಕೆ ಇರುವುದು ಎಂಟು ಗಂಟೆ, ಆದ್ರೆ ಅದಕ್ಕಾಗಿ ಹದಿನೇಳು ಗಂಟೆ ಎದ್ದಿರಬೇಕು.

ನಾನು ಬಿಜೈ ಕಡೆ ಈ ಕೆಲಸ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಹೊಸದಾಗಿ ಬರುವ ಹುಡುಗರು ಪ್ರೋಟೀನ್ ಬಗ್ಗೆ ಕೇಳ್ತಾರೆ, ಸರ್ಟಿಫಿಕೇಟ್ ಬಗ್ಗೆ ಕೇಳ್ತಾರೆ, ರೀಲ್ಸ್ ಹೇಗೆ ಮಾಡೋದು ಅಂತ ಕೇಳ್ತಾರೆ. ಡೈರಿ ಹೇಗೆ ಬರೆಯೋದು ಅಂತ ಯಾರೂ ಕೇಳಿಲ್ಲ. ನನ್ನ ಜೊತೆ ಶುರು ಮಾಡಿದವನೊಬ್ಬ ಈಗ ಗಲ್ಫ್‌ನಲ್ಲಿ ಗೋದಾಮು ನೋಡಿಕೊಳ್ತಾನೆ. ಸಂಬಳಕ್ಕಾಗಿ ಹೋದದ್ದಾ ಅಂತ ಕೇಳಿದೆ. "ಇಲ್ಲ ಮಾರಾಯ, ಇಲ್ಲಿ ಡ್ಯೂಟಿ ಒಂದೇ ಸಲಕ್ಕೆ ಮುಗೀತದೆ" ಅಂದ. ಒಳ್ಳೆ ಟ್ರೈನರ್ ಅವನು. ಕೆಲಸ ಗೊತ್ತಿಲ್ಲದೆ ಬಿಟ್ಟದ್ದಲ್ಲ, ದಿನ ಸಾಲದೆ ಬಿಟ್ಟದ್ದು. ಹಾಗಾಗಿ ಹುಡುಗರು ಕೇಳದಿದ್ದರೂ ನಾಲ್ಕು ಮಾತು ಬರೀತೇನೆ.

ಮೊದಲನೆಯದು ಕ್ಯಾನ್ಸಲ್ ಮಾಡುವವರ ವಿಷಯ. ಜೂನ್‌ನಲ್ಲಿ ಮಳೆ ಹಿಡಿದರೆ ಬೆಳಿಗ್ಗೆ 5:20ಕ್ಕೆ ಮೆಸೇಜ್ ಬರ್ತದೆ: "ಅಣ್ಣ, ಜೋರು ಮಳೆ, ನಾಳೆ ಮಾಡುವ." ಅಷ್ಟು ಹೊತ್ತಿಗೆ ಅಣ್ಣ ಅದೇ ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಅರ್ಧ ದಾರಿ ಬಂದಾಗಿರ್ತದೆ. ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಿದ್ರೆ ಬೇರೆ ದಿನ ಕೊಡುವುದು, ಆಮೇಲೆ ಹೇಳಿದ್ರೆ ಆ ಸೆಷನ್ ಲೆಕ್ಕಕ್ಕೆ ಸೇರುವುದು. ಈ ನಿಯಮವನ್ನು ಮೊದಲ ದಿನವೇ, ಫೀಸ್ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಹೇಳಲಿಕ್ಕೆ ಸಂಕೋಚ ಆಗುವವರಿಗೆ ನಾನು ವೇಟ್‌ಲಿಫ್ಟಿಂಗ್‌ನ ಗಡಿಯಾರ ನೆನಪಿಸ್ತೇನೆ. ಕುಂದಾಪುರ ಕಡೆಯ ನಮ್ಮ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದರಲ್ಲ, ಆ ಆಟದಲ್ಲಿ ಹೆಸರು ಕರೆದ ಮೇಲೆ ಒಂದು ನಿಮಿಷದೊಳಗೆ ಬಾರ್ ನೆಲ ಬಿಡಬೇಕು. ತಡವಾದ್ರೆ ಆ ಅವಕಾಶ ಹೋಯ್ತು. ಅದನ್ನು ಅಲ್ಲಿ ಯಾರೂ ಅಹಂಕಾರ ಅನ್ನುವುದಿಲ್ಲ, ನಿಯಮ ಅಂತಾರೆ.

ಎರಡನೆಯದು, ಒಂದು ಗಂಟೆಯಲ್ಲಿ ಐವತ್ತು ನಿಮಿಷ ಮಾತ್ರ ಟ್ರೈನಿಂಗ್. ಉಳಿದ ಹತ್ತು ನಿಮಿಷ ನಿಮ್ಮದು. ಎಷ್ಟು ತೂಕ, ಎಷ್ಟು ಸೆಟ್, ಮಂಡಿ ನೋವು ಹೇಗುಂಟು ಅಂತ ಅಲ್ಲೇ ನಿಂತು ಬರೆಯಿರಿ. ರಾತ್ರಿ ಬರೆಯುವ ಅಂತ ಬಿಟ್ರೆ ಆರು ಜನರ ಮಂಡಿ ಒಂದಕ್ಕೊಂದು ಬೆರೆತು ಹೋಗಿರ್ತದೆ.

ಮೂರನೆಯದು ಮನೆಗೆ ಹೋಗಿ ಟ್ರೈನಿಂಗ್ ಕೊಡುವವರಿಗೆ. ಏರಿಯಾ ನೋಡಿ ದಿನ ಹಂಚಿ. ಸೋಮವಾರ, ಗುರುವಾರ ಕದ್ರಿ, ಬಿಜೈ, ಲಾಲ್‌ಬಾಗ್. ಮಂಗಳವಾರ, ಶುಕ್ರವಾರ ಕಂಕನಾಡಿ, ವೆಲೆನ್ಸಿಯಾ, ಫಳ್ನೀರ್. ಆರು ಗಂಟೆಗೆ ಸುರತ್ಕಲ್, ಏಳೂವರೆಗೆ ಪಂಪ್‌ವೆಲ್ ಅಂತ ಒಪ್ಪಿಕೊಂಡರೆ ನಿಮ್ಮ ದುಡಿಮೆ ನಂತೂರಿನ ಟ್ರಾಫಿಕ್‌ನಲ್ಲಿ ಕರಗ್ತದೆ.

ನಾಲ್ಕನೆಯದನ್ನು ಹೇಳಿದ್ರೆ ಜಿಮ್ ಮಾಲಕರಿಗೆ ಇಷ್ಟ ಆಗ್ಲಿಕ್ಕಿಲ್ಲ. ಎಲ್ಲರಿಗೂ ವಾರಕ್ಕೆ ಆರು ದಿನದ ಪ್ಯಾಕೇಜ್ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ಇಷ್ಟು: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ. ಆ ಎರಡು ದಿನ ನಮ್ಮ ಹತ್ರ ಬರಲಿ. 150 ನಿಮಿಷ ಅಂದ್ರೆ ಐದು ದಿನ ಅರ್ಧರ್ಧ ಗಂಟೆ. ಅದಕ್ಕೆ ಕದ್ರಿ ಪಾರ್ಕ್ ಉಂಟು, ಪಣಂಬೂರು ಬೀಚ್ ಉಂಟು. ಟ್ರೈನರ್ ಬೇಡ. ಆರು ದಿನ ಬರುವ ಒಬ್ಬರ ಜಾಗದಲ್ಲಿ ಎರಡು ದಿನ ಬರುವ ಮೂವರು ಹಿಡಿಸ್ತಾರೆ. ಒಬ್ಬರು ಬಿಟ್ಟು ಹೋದ್ರೂ ತಿಂಗಳ ಬಾಡಿಗೆಗೆ ತೊಂದರೆ ಇಲ್ಲ.

ಐದನೆಯದು ಊರಿನ ಕ್ಯಾಲೆಂಡರ್. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರ ಸಮಯ ಬದಲಾಗ್ತದೆ. ಭಾನುವಾರ ಬೆಳಿಗ್ಗೆ ಹಲವರಿಗೆ ಇಗರ್ಜಿ. ಊರಲ್ಲಿ ಕೋಲ ಇದ್ರೆ ಮರುದಿನ ಯಾರೂ ಏಳುವುದಿಲ್ಲ. ಎಪ್ರಿಲ್, ಮೇಯಲ್ಲಿ ಒಂದರ ಹಿಂದೆ ಒಂದು ಮದುವೆ. ಇವೆಲ್ಲ ಗೊತ್ತಿರುವ ರಜೆಗಳು. ವರ್ಷದ ಶುರುವಿಗೇ ಡೈರಿಯಲ್ಲಿ ಗುರುತು ಹಾಕಿಟ್ಟರೆ ಆಮೇಲೆ ಬೇಜಾರು ಮಾಡಿಕೊಳ್ಳುವ ಪ್ರಶ್ನೆ ಇಲ್ಲ.

ಇನ್ನು ಆ "ಫ್ರೀ" ಮಧ್ಯಾಹ್ನ. ನನಗೆ ಅದು ಊಟ, ಒಂದೂವರೆ ಗಂಟೆ ನಿದ್ದೆ, ನನ್ನದೇ ವರ್ಕೌಟ್, ಮರುದಿನದ ತಯಾರಿ. ನಿದ್ದೆಗೆಟ್ಟು ಸಂಜೆ ಬಂದವನು ಬೆಂಚ್ ಪ್ರೆಸ್ ಮಾಡುವವರ ತಲೆಯ ಹಿಂದೆ ನಿಂತರೆ ಕೈ ಕೊಡಬೇಕಾದ ಆ ಒಂದು ಕ್ಷಣ ತಪ್ಪಿ ಹೋಗಬಹುದು. ಬಾರ್ ಇರುವುದು ಇನ್ನೊಬ್ಬರ ಎದೆಯ ಮೇಲೆ.

ಕಳೆದ ವರ್ಷ ನಾನು ರಾತ್ರಿ ಎಂಟರ ಸ್ಲಾಟ್ ಮುಚ್ಚಿದೆ. ಒಳ್ಳೆ ಫೀಸ್ ಕೊಡುವ ಇಬ್ಬರು ಇದ್ದರು. ಒಬ್ಬರು ಬೆಳಿಗ್ಗೆಗೆ ಬಂದರು, ಇನ್ನೊಬ್ಬರು ಬೇರೆ ಕಡೆ ಸೇರಿದರು. ಮೂರು ತಿಂಗಳು ಕೈ ಸ್ವಲ್ಪ ಬಿಗಿಯಾಯ್ತು. ಆದರೆ ಮಗಳಿಗೆ ನಾಲ್ಕು ವರ್ಷ. ನಾನು ಹೊರಡುವಾಗ ಅವಳು ಮಲಗಿರ್ತಾಳೆ, ಒಂಬತ್ತಕ್ಕೆ ಮುಗಿಸಿ ಮನೆಗೆ ಬರುವಾಗಲೂ ಮಲಗಿರ್ತಿದ್ದಳು. ಈಗ ಎಂಟೂವರೆಗೆ ಅವಳ ಜೊತೆ ಕೂತು ಗಂಜಿ ಉಣ್ತೇನೆ. ಅವಳು ಅಂಗನವಾಡಿಯ ಜಗಳಗಳನ್ನೆಲ್ಲ ಹೇಳಿ ಮುಗಿಸುವಷ್ಟು ಹೊತ್ತು ಉಂಟು.

ಟ್ರೈನರ್ ಅಲ್ಲದೆಯೂ ಇಲ್ಲಿವರೆಗೆ ಓದಿದವರ ಹತ್ರ ಒಂದೇ ವಿನಂತಿ. ನಾಳೆ ಬರುವುದಿಲ್ಲ ಅಂತಾದ್ರೆ ಇವತ್ತು ರಾತ್ರಿ ಒಂಬತ್ತರೊಳಗೆ ಒಂದು ಮೆಸೇಜ್ ಹಾಕಿ. ನಿಮ್ಮ ಟ್ರೈನರ್ ಅಲಾರಂ ಇಟ್ಟು ಮಲಗುವ ಹೊತ್ತು ಅದು.