ಬಿಸಿನೀರಿನ ಹದ

ಗೀಸರ್ ರಿಪೇರಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಹದ ತಪ್ಪಿದ ಗೀಸರು. ಪೂರ್ತಿ ಕೆಟ್ಟು ನಿಂತ ಗೀಸರಿನಲ್ಲಿ ಅಷ್ಟು ಸ್ವಾರಸ್ಯವಿಲ್ಲ. ಕಾಯಿಲ್ ಸುಟ್ಟಿದ್ದರೆ ಮಲ್ಟಿಮೀಟರು ಕ್ಷಣದಲ್ಲಿ ಹೇಳಿಬಿಡುತ್ತದೆ. ಹೊಸದು ಹಾಕಿದರೆ ಮುಗಿಯಿತು. ಆದರೆ ‘ನೀರು ಕಾಯುತ್ತೆ, ಹದಕ್ಕೆ ಮಾತ್ರ ಬರೋಲ್ಲ’ ಅಂತ ಯಾರಾದರೂ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಇಂಥದ್ದು ಹೇರಳ. ಒಂದು ಮನೆಯ ಗೀಸರು ನೀರನ್ನು ಕೊತಕೊತ ಕುದಿಸಿ ತಾನೇ ಆಫ್ ಆಗಿ ಕೂತಿರುತ್ತದೆ. ಪಕ್ಕದ ಮನೆಯದು ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ದೀಪ ಆರಿಸಿಬಿಡುತ್ತದೆ. ಎರಡಕ್ಕೂ ಕಾರಣ ಒಂದೇ ಇರಬಹುದು: ಬೋರ್‌ವೆಲ್ ನೀರಿನ ಸುಣ್ಣ.

ಅದು ಹೇಗೆಂದು ತಿಳಿಯಲು ಥರ್ಮೋಸ್ಟಾಟಿನ ಒಳಗನ್ನು ನೋಡಬೇಕು. ಮನೆ ಗೀಸರುಗಳಲ್ಲಿ ಬರುವ ಕಡ್ಡಿ ಥರ್ಮೋಸ್ಟಾಟ್ ಅಂದರೆ ತೆಳ್ಳನೆಯ ಹಿತ್ತಾಳೆ ಕೊಳವೆ, ಅದರೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು. ಶೇ. 36ರಷ್ಟು ನಿಕ್ಕಲ್, ಉಳಿದದ್ದು ಕಬ್ಬಿಣ. 1896ರಲ್ಲಿ ಶಾರ್ಲ್ ಎದುಆರ್ ಗಿಯೋಮ್ ಕಂಡುಕೊಂಡ ಈ ಲೋಹ ಕಾದರೂ ಹಿಗ್ಗುವುದಿಲ್ಲ ಅನ್ನಬೇಕು, ಅಷ್ಟು ಕಡಿಮೆ ಹಿಗ್ಗುತ್ತದೆ. ನಿಕ್ಕಲ್ ಉಕ್ಕಿನ ಈ ಕೆಲಸಕ್ಕೇ 1920ರಲ್ಲಿ ಅವರಿಗೆ ನೊಬೆಲ್ ಬಂತು. ನೀರು ಕಾದಂತೆ ಹಿತ್ತಾಳೆ ಕೊಳವೆ ಉದ್ದವಾಗುತ್ತದೆ. ತುದಿಗೆ ಬೆಸೆದ ಸರಳನ್ನು ತನ್ನೊಡನೆ ಎಳೆಯುತ್ತದೆ. ಆ ಎಳೆತಕ್ಕೆ ಮೇಲಿನ ಸ್ವಿಚ್ಚು ಟಕ್ಕೆಂದು ಬಿಡುತ್ತದೆ. ಒಂದು ಗೇಣುದ್ದದ ಕೊಳವೆ ನಲವತ್ತು ಡಿಗ್ರಿ ಬಿಸಿಯೇರಿದಾಗ ಆಗುವ ವ್ಯತ್ಯಾಸ ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ. ಅಷ್ಟೇ ಅಷ್ಟು ಸರಿದಾಟ 2000 ವಾಟ್ ಕಾಯಿಲಿನ ಕರೆಂಟನ್ನು ತಡೆಯುತ್ತದೆ. ಹಂಡೆಯ ನೀರಿಗೆ ಬೆರಳದ್ದಿ ‘ಸಾಕು, ಕೊಳ್ಳಿ ಹಿಂದಕ್ಕೆಳಿ’ ಅನ್ನುತ್ತಿದ್ದ ಅಜ್ಜಿಯ ಕೈಯ ಕೆಲಸವನ್ನು ಈ ಕೊಳವೆ ಮಾಡುತ್ತಿದೆ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕಾರ್ಬೊನೇಟ್ ಆಗಿ ಬಿಸಿಯಾದ ಲೋಹಕ್ಕೆಲ್ಲ ಅಂಟುತ್ತದೆ. ಥರ್ಮೋಸ್ಟಾಟ್ ಕೂತ ಕೊಳವೆಯ ಮೇಲೆ ಪದರ ಕಟ್ಟಿದರೆ ನೀರಿನ ಬಿಸಿ ಅದಕ್ಕೆ ತಡವಾಗಿ ತಲುಪುತ್ತದೆ. ಅದು ಕಟ್ ಮಾಡುವ ಹೊತ್ತಿಗೆ ನೀರು ಮಿತಿ ಮೀರಿರುತ್ತದೆ, ಅತಿ ಬಿಸಿಯಾದಾಗ ಕರೆಂಟು ಕಡಿಯುವ ಸುರಕ್ಷಾ ಸ್ವಿಚ್ಚು, ಅಂದರೆ ಕಟೌಟ್, ಬಿದ್ದಿರುತ್ತದೆ. ಅದೇ ಸುಣ್ಣ ಕಾಯಿಲಿಗೂ ಕೊಳವೆಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡರೆ ಕಾಯಿಲಿನ ಬಿಸಿ ನೇರ ಥರ್ಮೋಸ್ಟಾಟಿಗೆ ಹೋಗುತ್ತದೆ. ನೀರಿನ್ನೂ ತಣ್ಣಗಿರುವಾಗಲೇ ಅದು ಕಟ್ ಮಾಡುತ್ತದೆ. ಎರಡೂ ಕಡೆ ಥರ್ಮೋಸ್ಟಾಟಿನ ತಪ್ಪೇನೂ ಇಲ್ಲ. ಇದನ್ನು ಅರಿಯದೆ ಹೊಸದು ಹಾಕಿ ಹೋಗುವ ರಿಪೇರಿ ಆರು ತಿಂಗಳೂ ಬಾಳುವುದಿಲ್ಲ.

ಹಾಗಾಗಿ ನಾನು ಮೊದಲು ಬಿಚ್ಚುವುದಿಲ್ಲ, ಕೇಳುತ್ತೇನೆ. ದೀಪ ಎಷ್ಟು ಹೊತ್ತು ಉರಿಯುತ್ತದೆ? 15 ಲೀಟರ್ ನೀರು 22 ಡಿಗ್ರಿಯಿಂದ 60ಕ್ಕೆ ಏರಲು 2000 ವಾಟ್ ಕಾಯಿಲಿಗೆ ಇಪ್ಪತ್ತು ನಿಮಿಷ ಬೇಕು. ಐದೇ ನಿಮಿಷಕ್ಕೆ ಆರಿದರೆ ಮೇಲೆ ಹೇಳಿದ ಎರಡನೆಯ ರೋಗ. ಮುಕ್ಕಾಲು ಗಂಟೆ ಉರಿದರೂ ಬಿಸಿಯಿಲ್ಲವೆಂದರೆ ವೋಲ್ಟೇಜ್ ನೋಡಬೇಕು. 230 ಇರಬೇಕಾದದ್ದು 180ಕ್ಕಿಳಿದರೆ ಅದೇ ಕಾಯಿಲು 1200 ವಾಟಿನ ಆಸುಪಾಸಿನಲ್ಲಿ ಕುಂಟುತ್ತದೆ.

ಆಮೇಲೆ ಎಂಸಿಬಿ ಇಳಿಸಿ, ಟರ್ಮಿನಲ್ಲಿಗೆ ಮೀಟರಿಟ್ಟು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು, ನೀರು ಬಸಿದು ಬಿಚ್ಚುತ್ತೇನೆ. ಸುಣ್ಣ ಬಿಡಿಸಲು ಸಿಟ್ರಿಕ್ ಆಮ್ಲದ ಬೆಚ್ಚನೆ ನೀರು ಸಾಕು. ಸುಂಯ್ ಎಂದು ನೊರೆಯೇಳುತ್ತ ಬೂದುಬಣ್ಣದ ಹೊದಿಕೆ ಕರಗಿ ತಾಮ್ರ ಕೆಂಪಗೆ ಹೊರಬರುವುದನ್ನು ನೋಡುವುದೇ ಒಂದು ಸುಖ. ಆ ಹೊತ್ತಿನಲ್ಲಿ ಯಾರು ಕಾಫಿ ತಂದಿಟ್ಟರೂ ಆರಿಹೋಗುತ್ತದೆ.

ಥರ್ಮೋಸ್ಟಾಟ್ ಪರೀಕ್ಷೆ ಇನ್ನೂ ಚೆಂದ. ಒಲೆಯ ಮೇಲೆ ಎತ್ತರದ ಪಾತ್ರೆಯಲ್ಲಿ ನೀರು, ಅದರಲ್ಲಿ ಥರ್ಮಾಮೀಟರು, ಪಕ್ಕದಲ್ಲಿ ತಲೆ ಮಾತ್ರ ಹೊರಗಿರುವಂತೆ ಇಳಿಬಿಟ್ಟ ಥರ್ಮೋಸ್ಟಾಟು. ಅದರ ಟರ್ಮಿನಲ್ಲುಗಳಿಗೆ ಹಚ್ಚಿದ ಮಲ್ಟಿಮೀಟರು ಬೀಪ್ ಅನ್ನುತ್ತಲೇ ಇರುತ್ತದೆ. 55, 57, 59... ಟಕ್! ಬೀಪ್ ನಿಲ್ಲುತ್ತದೆ. ಒಲೆ ಆರಿಸಿ ಕಾಯಬೇಕು. ಕೆಲವು ಡಿಗ್ರಿ ಇಳಿದ ಮೇಲೆ ಮತ್ತೆ ಟಕ್. ಇಟ್ಟ ಗುರುತಿಗೆ ಕಟ್ ಆಗಿ, ತಣಿದಾಗ ಕೂಡಿಕೊಂಡರೆ ಅದು ಆರೋಗ್ಯವಾಗಿದೆ. ಮೇಲಿನ ಟಕ್ ಬರಲೇ ಇಲ್ಲವೆಂದರೆ ಒಳಗಿನ ಪಾಯಿಂಟು ಕಿಡಿಗೆ ಸುಟ್ಟು ಅಂಟಿಕೊಂಡಿದೆ. ಅದನ್ನು ಉಜ್ಜಿ ಸರಿಮಾಡಲು ಹೋಗಬಾರದು, ಬದಲಿಸಬೇಕು.

ಕಟೌಟ್ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಪದೇ ಪದೇ ಬೀಳುತ್ತದೆಂದು ಎರಡು ವೈರನ್ನು ನೇರ ಜೋಡಿಸಿಟ್ಟ ಗೀಸರುಗಳನ್ನು ಕಂಡಿದ್ದೇನೆ. ಥರ್ಮೋಸ್ಟಾಟ್ ಅಂಟಿದ ದಿನ ಆ ಮನೆಯವರಿಗೆ ಉಳಿಯುವುದು ಪ್ರೆಶರ್ ವಾಲ್ವ್ ಒಂದೇ, ಅದರ ಬಾಯಿಗೂ ಇದೇ ಸುಣ್ಣ ಕಟ್ಟಿರುತ್ತದೆ. ಇಂಥ ಕಡೆ ಹೊಸ ಕಟೌಟ್ ಬರುವವರೆಗೆ ಗೀಸರಿಗೆ ಕರೆಂಟು ಕೊಡುವುದಿಲ್ಲ.

ಎಲ್ಲ ಜೋಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ನಲ್ಲಿಯಲ್ಲಿ ನೀರು ಬರುವವರೆಗೆ ತುಂಬಿಸಿ, ಆಮೇಲಷ್ಟೇ ಸ್ವಿಚ್ಚು. ಮನೆಯ ಹಿರಿಯರು ಕೇಳುತ್ತಾರೆ: “ಎಷ್ಟಕ್ಕೆ ಇಟ್ಟಿದ್ದೀಯಪ್ಪಾ?”

“ಅರವತ್ತಕ್ಕೆ ಇಟ್ಟಿದ್ದೀನಮ್ಮಾ. ಅದಕ್ಕಿಂತ ಕಮ್ಮಿ ಇಟ್ಟರೆ ಟ್ಯಾಂಕಿನಲ್ಲಿ ಕ್ರಿಮಿ ಬೆಳೆಯಬಹುದು. ಆದರೆ ಅರವತ್ತರ ನೀರು ಕೆಲವೇ ಸೆಕೆಂಡಿಗೆ ಮೈ ಸುಡುತ್ತೆ. ಮಗು ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿನೀರು.”