ಅಪ್ಪನ ಅರ್ಧ ಟಿಕೀಟು

ಹುಬ್ಬಳ್ಳಿಯವರಿಗೆ ಬೈರಿದೇವರಕೊಪ್ಪ ಅಂದರೆ ಧಾರವಾಡಕ್ಕೆ ಹೋಗುವಾಗ ಕಿಟಕಿಯಾಚೆ ಸರಿದುಹೋಗುವ ಊರು. ಧಾರವಾಡದವರಿಗೆ, ಇನ್ನೇನು ಹುಬ್ಬಳ್ಳಿ ಬಂತೆಂದು ಚೀಲ ಎತ್ತಿಕೊಳ್ಳುವ ಗುರುತು. 1962ರಲ್ಲಿ ಎರಡೂ ಶಹರ ಸೇರಿ ಒಂದೇ ಮಹಾನಗರಪಾಲಿಕೆ ಆದವಂತೆ. ನಡುವೆ ಕುಂತ ನಮಗೆ ಮಾತ್ರ ಆ ಸಂಬಂಧ ತಿಳಿದದ್ದು ಬಸ್ಸಿನಿಂದ. ಆ ಬಸ್ಸಿನ ಕಂಡಕ್ಟರ್ ನಮ್ಮಪ್ಪ.

ಸೂಟಿ ಬಿಟ್ಟರೆ ನಾನು ಅವನ ಬೆನ್ನಹಿಂದೆ. ಕಂಡಕ್ಟರ್ ಮಗ ಅಂತ ಪುಕ್ಕಟೆ ಪ್ರಯಾಣವೇನಿರಲಿಲ್ಲ. ಹತ್ತಿದ ಕೂಡಲೇ ಅರ್ಧ ಟಿಕೀಟು ಹರಿದು ನನ್ನ ಕೈಗಿಟ್ಟು, ಅಂಗಿ ಕಿಸೆಯಿಂದ ರೊಕ್ಕ ತೆಗೆದು ಚರ್ಮದ ಚೀಲಕ್ಕೆ ಹಾಕುತ್ತಿದ್ದ. “ಚೆಕಿಂಗ್‌ನವ್ರು ಹತ್ತಿದ್ರ ಮೊದಲ ನಿನ್ನ ಹಿಡೀತಾರ, ಆಮ್ಯಾಲ ನನ್ನ” ಅನ್ನುತ್ತಿದ್ದ. ಆ ಟಿಕೀಟನ್ನು ನಾನು ಮುಷ್ಟಿಯಲ್ಲಿ ಬೆವರುವ ತನಕ ಹಿಡಿದಿರುತ್ತಿದ್ದೆ.

ಕಂಡಕ್ಟರಿಕೆ ಎಂದರೆ ಟಿಕೀಟು ಹರಿಯುವುದು ಎಂದು ತಿಳಿದವರು ವೇಬಿಲ್ ನೋಡಿಲ್ಲ. ಸ್ಟೇಜು ಬಂದಂತೆಲ್ಲ ಪ್ರತಿ ದರದ ಟಿಕೀಟಿನ ನಂಬರು ಅದರಲ್ಲಿ ಬರೆಯಬೇಕು. ಉಣಕಲ್ ಕೆರೆ ದಾಟುವಾಗ ಅಪ್ಪ ಸೊಂಟವನ್ನು ಕಂಬಕ್ಕೆ ಒತ್ತಿ, ಕಾಲಗಲಿಸಿ ನಿಂತು ಬರೆಯುತ್ತಿದ್ದ. ಬಸ್ಸು ಕುಣಿದರೂ ಅಕ್ಷರ ಕುಣಿಯುತ್ತಿರಲಿಲ್ಲ. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೀಟಿನ ಬೆನ್ನ ಮೇಲೆ ಬರೆದುಕೊಡುತ್ತಿದ್ದ. ಮರೆತು ಇಳಿದವರನ್ನು ಕೂಗಿ ಕರೆದು ಕೊಡುತ್ತಿದ್ದ, ಯಾಕಂದರೆ ಸಂಜೆ ಡಿಪೋದಲ್ಲಿ ರೊಕ್ಕ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚಾದರೆ ಅದೂ ಒಂದು ತಾಪತ್ರಯ. ಎರಡಕ್ಕೂ ಹೆದರಿ ಬದುಕುವ ನೌಕರಿ ಬೇರೆ ಯಾವುದಿದೆಯೋ ನಾ ಕಾಣೆ.

ನವಲೂರಿನ ಪೇರಲ ಬುಟ್ಟಿಯ ಹೆಂಗಸರೊಂದಿಗೆ ಜಗಳ ಖಾಯಂ.

“ಯವ್ವಾ, ಲಗೇಜ್ ತಗಸು.”

“ನಾಕ ಹಣ್ಣಿಗೆ ಎಂಥಾ ಲಗೇಜೋ ಯಪ್ಪಾ?”

ಕೊನೆಗೆ ಆಕೆ ಗೊಣಗುತ್ತ ರೊಕ್ಕ ಕೊಡುತ್ತಿದ್ದಳು. ರೊಕ್ಕ ಕೊಟ್ಟ ಮೇಲೆ ಒಂದು ಪೇರಲ ನನ್ನ ಉಡಿಗೆ ಬೀಳುತ್ತಿತ್ತು. ಆಗ ಅಪ್ಪನಿಗೆ ಕಿಟಕಿಯ ಹೊರಗೆ ಏನೋ ಭಾರೀ ಕೆಲಸ.

ನಮ್ಮೂರು ಬಂದರೆ ಅವನ ದನಿ ಒಂದು ತೂಕ ಹೆಚ್ಚು: “ಕೊಪ್ಪ, ಕೊಪ್ಪದಾವ್ರು ಮುಂದ ಬರ್ರಿ!” ರಸ್ತೆ ಪಕ್ಕದ ದರ್ಗಾ ಕಂಡೊಡನೆ ಕುಂತಲ್ಲೇ ಕೈ ಮುಗಿಯುವವರಿದ್ದರು, ಯಾವ ಜಾತಿ ಎಂದು ಯಾರೂ ಎಣಿಸುತ್ತಿರಲಿಲ್ಲ.

1997ರಲ್ಲಿ ರಾಜ್ಯ ಸಾರಿಗೆಯಿಂದ ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾಯಿತು. ಆಮೇಲೆ ಟಿಕೀಟು ಮಷೀನು ಬಂತು, ಪಂಚಿನ ಟಕಟಕ ನಿಂತಿತು, ಅಪ್ಪ ನಿವೃತ್ತನಾದ. ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆಗಾಗಿ ರಸ್ತೆ ಅಗಲವಾಗಿ, ಸಾಲುಮರಗಳು ಹೋದವು. 2022ರ ಡಿಸೆಂಬರಿನಲ್ಲಿ ದರ್ಗಾವನ್ನೂ ತೆರವು ಮಾಡಿದರು.

2018ರಲ್ಲಿ ಬಿಆರ್‌ಟಿಎಸ್‌ನ ಚಿಗರಿ ಬಸ್ಸು ಓಡತೊಡಗಿದಾಗ ಅಪ್ಪನನ್ನು ಹತ್ತಿಸಿಕೊಂಡು ಹೋಗಿದ್ದೆ. ಟಿಕೀಟು ನಿಲ್ದಾಣದಲ್ಲೇ, ಒಳಗೆ ತಂಪು, ಕಂಡಕ್ಟರ್ ಇಲ್ಲ. ಖಾಲಿ ಸೀಟಿದ್ದರೂ ಅವನು ಕಂಬ ಹಿಡಿದೇ ನಿಂತಿದ್ದ. ಧ್ವನಿಮುದ್ರಿತ ಹೆಣ್ಣುದನಿ ಊರಿನ ಹೆಸರು ಹೇಳಿತು.

“ಛಂದ ಹೇಳ್ತಾಳ. ಮುದುಕಿ ಯಾರರ ನಿದ್ದಿ ಹತ್ತಿದ್ರ ಎಬ್ಬಸ್ತಾಳೇನು?”

ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಹೋದ. ಅವನ ಖಾಕಿ ಅಂಗಿಯನ್ನು ಅವ್ವ ಯಾರಿಗೂ ಕೊಟ್ಟಿಲ್ಲ.

ನಾನೀಗ ದಿನಾ ಚಿಗರಿಯಲ್ಲೇ ಓಡಾಡುತ್ತೇನೆ. ವೇಗದ ಬಸ್ಸು, ತಕರಾರಿಲ್ಲ. ಆದರೆ ಹಳ್ಳಿಗಳ ಕಡೆ ಹೋಗುವ ಬಸ್ಸುಗಳಲ್ಲಿ ಇನ್ನೂ ಕಂಡಕ್ಟರ್‌ಗಳಿದ್ದಾರೆ. ಹತ್ತುವ ಮುನ್ನ ದಯವಿಟ್ಟು ಚಿಲ್ಲರೆ ಇಟ್ಟುಕೊಂಡು ಹತ್ರಿ.