ಅವ್ವನ ಮಲ್ಲಿಗೆಗೆ ಕತ್ತರಿ ಹಾಕಿದ್ದು

"ಈ ವರ್ಷಾನೂ ಮಲ್ಲಿಗಿ ಹೂ ಬಿಡಲಿಲ್ಲ. ನಿಮ್ಮಪ್ಪನ ಜೋಡಿನ ಹೋತು ನೋಡು" ಅಂತ ಅವ್ವ ಫೋನಿನಲ್ಲಿ ಹೇಳಿದಾಗ ನಾನು ಬೆಂಗಳೂರಿನ ಟ್ರಾಫಿಕ್‌ನಲ್ಲಿದ್ದೆ. "ಹೊಸಾದೊಂದು ತರೂಣು ಬಿಡವ್ವಾ" ಅಂದುಬಿಟ್ಟೆ. ಆ ಕಡೆಯಿಂದ ಮಾತೇ ಇಲ್ಲ.

ಮೇಲವಂಕಿಯ ನಮ್ಮ ಹಿತ್ತಲಿನ ಆ ದುಂಡುಮಲ್ಲಿಗೆ ಅಪ್ಪ ಹಚ್ಚಿದ್ದು. ಬೇಸಿಗೆ ಬಂದರೆ ಇಡೀ ಓಣಿಗೆ ಸಾಕಾಗುವಷ್ಟು ಹೂವು. ಅಪ್ಪ ಹೋಗಿ ಎರಡು ವರ್ಷ. ಗಿಡ ಆಳೆತ್ತರ ಬೆಳೆದು ಹಚ್ಚಗೆ ನಿಂತಿತ್ತು, ಮೊಗ್ಗು ಮಾತ್ರ ಇಲ್ಲ.

ದೀಪಾವಳಿಗೆ ಹೋದಾಗ ಪಕ್ಕದ ಹೊಲದ ಕಾಕಾನನ್ನು ಕರೆದು ತೋರಿಸಿದೆ. "ವೈನಿ, ಇದಕ್ಕ ಮುದ್ದು ಭಾಳ ಮಾಡೀರಿ" ಅಂದ.

ನಿಜ. ವರ್ಷವಿಡೀ ಬಚ್ಚಲ ನೀರು ಅದರ ಬುಡಕ್ಕೆ. ಕಬ್ಬಿಗೆ ತಂದು ಉಳಿದ ಯೂರಿಯಾ ಕೂಡ ಅದಕ್ಕೇ. ಸಾರಜನಕ ಹೆಚ್ಚಾದರೆ ಗಿಡ ಬರೀ ಎಲೆ ಬೆಳೆಸುತ್ತದೆ. ಮೇಲೆ ನುಗ್ಗೆಮರದ ನೆರಳು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆ ಕಡ್ಡಿ ಸವರದಿದ್ದರೆ ಚಿಗುರು ಎಲ್ಲಿಂದ ಬರಬೇಕು?

"ಕಡೀಬ್ಯಾಡ್ರಿ, ಅವರು ಹಚ್ಚಿದ್ದು" ಅಂತ ಅವ್ವ ಅಡ್ಡ ಬಂದಳು.

"ಅಣ್ಣಾನ ವರ್ಷಾ ಚಳಿಗಾಲದಾಗ ಕಡೀತಿದ್ದ. ನಿಮಗ ಗೊತ್ತ ಇಲ್ಲೇನು?"

ನಮಗ್ಯಾರಿಗೂ ಗೊತ್ತಿರಲಿಲ್ಲ. ಅವ್ವ ಸುಮ್ಮನೆ ಒಳಗೆ ಹೋದಳು.

ಅಂದಿನಿಂದಲೇ ನೀರು ನಿಲ್ಲಿಸಿ, ಬಚ್ಚಲ ನೀರನ್ನು ಬಾಳೆಗಿಡಕ್ಕೆ ತಿರುಗಿಸಿದೆವು. ನವೆಂಬರ್ ಕೊನೆಗೆ ನಾನು ಮತ್ತೆ ಹೋಗಿ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಒಣಗಿದ ಕಡ್ಡಿ, ಉಳಿದ ಎಲೆ ತೆಗೆದೆ. ಬುಡದ ಮಣ್ಣು ಸಡಿಲಿಸಿ, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಎರಡು ಬುಟ್ಟಿ ಹಾಕಿ ನೀರು ಬಿಟ್ಟೆ. ಅರ್ಧ ದಿನವಾದರೂ ಬಿಸಿಲು ಬೀಳಲಿ ಅಂತ ನುಗ್ಗೆಯ ಟೊಂಗೆಗಳನ್ನೂ ಕಡಿದೆ.

ಡಿಸೆಂಬರ್‌ನಲ್ಲಿ ಅವ್ವ ಬರೀ ಕಡ್ಡಿಗಳ ಫೋಟೋ ಕಳಿಸಿ "ಸತ್ತಽ ಹೋತೇನೋ" ಅಂದಳು. ನನಗೂ ಒಳಗೊಳಗೇ ಹೆದರಿಕೆ ಇತ್ತು.

ನಿಮ್ಮ ಬಾಲ್ಕನಿಯ ಕುಂಡಕ್ಕೂ ಇದೇ ಲೆಕ್ಕ: ಬಿಸಿಲು ಬೇಕು, ಚಳಿಗಾಲದಲ್ಲಿ ಕತ್ತರಿ ಬೇಕು, ನೀರು ಹದವಾಗಿರಬೇಕು. ಆಮೇಲೆ ಸ್ವಲ್ಪ ತಾಳ್ಮೆ.

ಮಾರ್ಚ್‌ನಲ್ಲಿ ಒಂದು ಸಂಜೆ ಅವ್ವನ ವಿಡಿಯೋ ಕಾಲ್ ಬಂತು. ಅಪ್ಪನ ಫೋಟೋಗೆ ಮಲ್ಲಿಗೆ ಮಾಲೆ. ಓಣಿಗೆಲ್ಲ ಹಂಚಿದಳಂತೆ.

"ನಿನಗ?" ಅಂತ ಕೇಳಿದೆ.

"ನಾ ಎಲ್ಲಿ ಮುಡೀಲಿ? ಒಂದು ಮೊಳ ತಲಿದಿಂಬಿನ ಬಾಜೂಕ ಇಟ್ಕೊಂಡೇನಿ. ವಾಸನಿ ಬರ್ತೈತಿ, ನಿದ್ದಿ ಚೊಲೋ ಹತ್ತತೈತಿ" ಅಂದಳು.